ಹಸಿದ ಹುಳದ ಹಿಂದಿದ್ದ ಜಾಹೀರಾತಿನ ಮನುಷ್ಯ

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಮುಂಬಯಿ ಲೋಕಲ್ ರೈಲಿನ ಭಾನುವಾರದ ಮೆಗಾಬ್ಲಾಕ್ (ರಿಪೇರಿಗೆ ಅಂತ ರೈಲು ನಿಲ್ಲಿಸೋದು) ದಾಟ್ಕೊಂಡು ಡೊಂಬಿವಲಿಯಿಂದ ಮಾಟುಂಗಾವರೆಗೆ ಬಂದೋರಿಗೆ ಸ್ಪೆಷಲ್ ಥ್ಯಾಂಕ್ಸ್.

ಇವತ್ತು ಮಕ್ಕಳ ಚಿತ್ರಪುಸ್ತಕ ಮಾಡ್ತಿದ್ದ ಅಮೆರಿಕಾದ ಎರಿಕ್ ಕಾರ್ಲ್ ಬಗ್ಗೆ ಮಾತಾಡ್ತೀನಿ. ಹೆಸರು ಗೊತ್ತಿಲ್ದಿದ್ರೂ ಪುಸ್ತಕ ನೋಡಿರ್ತೀರಿ, ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’, ಅಂದ್ರೆ ತುಂಬಾ ಹಸಿದ ಕಂಬಳಿಹುಳ, ಹಸಿರು ಹುಳ, ಕೆಂಪು ತಲೆ, ಪುಟಪುಟಕ್ಕೂ ತೂತು. ಮೊಮ್ಮಕ್ಕಳು ಬೆರಳು ಹಾಕಿ ಹಾಕಿ ಹರಿದಿಟ್ಟಿರ್ತಾರೆ. ಇವರ ಬಗ್ಗೆ ಬರೆಯೋರು ತುಂಬಾ ಜನ ಒಂದೇ ಕತೆ ಹೇಳ್ತಾರೆ, ಯುದ್ಧದಲ್ಲಿ ಹಸಿದಿದ್ರು, ಅದಕ್ಕೇ ಹಸಿದ ಹುಳ ಬಂತು ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಯುದ್ಧದಲ್ಲಿ ಹಸಿದ ಮಕ್ಕಳು ಲಕ್ಷಗಟ್ಟಲೆ ಇದ್ರು, ಈ ಪುಸ್ತಕ ಮಾಡಿದ್ದು ಒಬ್ರೇ ಅಲ್ವಾ?

ಕಷ್ಟ ಇತ್ತು, ಇಲ್ಲ ಅನ್ನಲ್ಲ. 1929ರಲ್ಲಿ ಅಮೆರಿಕಾದ ಸಿರಾಕ್ಯೂಸ್‌ನಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಜರ್ಮನಿಯೋರು. ಅಮ್ಮನಿಗೆ ಊರಿನ ಹಂಬಲ ತಡೀಲಾಗದೆ 1935ರಲ್ಲಿ ಎಲ್ರೂ ಸ್ಟುಟ್‌ಗಾರ್ಟ್‌ಗೆ ವಾಪಸ್. ಅಲ್ಲಿ ಸ್ಕೂಲಲ್ಲಿ ಹೊಡೆತ. ಮನೆಗೆ ಯಾವಾಗ ಹೋಗೋದು ಅಂತ ಹುಡುಗ ಕೇಳ್ತಾನೇ ಇದ್ದ, ಹೋಗಲ್ಲ ಅಂತ ಗೊತ್ತಾದ ಮೇಲೆ ದೊಡ್ಡೋನಾಗಿ ಸೇತುವೆ ಕಟ್ಟೋನಾಗ್ತೀನಿ, ಜರ್ಮನಿಯಿಂದ ಅಮೆರಿಕಾಕ್ಕೇ ಕಟ್ತೀನಿ ಅಂದ್ಕೊಂಡಿದ್ನಂತೆ. (ಅಮ್ಮಂದಿರು ನಗ್ತಿದ್ದೀರಿ, ರಜೆ ಮುಗಿಸಿ ಮುಂಬಯಿಗೆ ಮತ್ಸ್ಯಗಂಧ ರೈಲು ಹತ್ತುವಾಗ ಅತ್ತ ಮಕ್ಕಳ ನೆನಪಾಯ್ತೇನೋ.) ಕಾಡಲ್ಲಿ ಕಲ್ಲು ಎತ್ತಿ ಹುಳ ತೋರಿಸಿ ಮತ್ತೆ ಹುಷಾರಾಗಿ ಹಾಗೇ ಇಟ್ಟು ಬರ್ತಿದ್ದ ಅಪ್ಪ 1939ರಲ್ಲಿ ಸೈನ್ಯಕ್ಕೆ ಹೋದ್ರು. ರಷ್ಯನ್ನರ ಸೆರೆಯಿಂದ ಬಂದಿದ್ದು 1947ರಲ್ಲಿ, ಆಗ ಮೈತೂಕ ನಲವತ್ತು ಕೆಜಿನೂ ಇರ್ಲಿಲ್ಲ. ಇನ್ನೊಬ್ರು ಡ್ರಾಯಿಂಗ್ ಮೇಷ್ಟ್ರು, ಕ್ರೌಸ್ ಅಂತ. ನಾಜಿಗಳು ಬ್ಯಾನ್ ಮಾಡಿದ್ದ ಪಿಕಾಸೊ, ಕ್ಲೇ, ಮಟೀಸ್ ಚಿತ್ರಗಳ ಪ್ರಿಂಟ್‌ಗಳನ್ನ ಹುಡುಗನಿಗೆ ಗುಟ್ಟಾಗಿ ತೋರಿಸಿದ್ರು. ಸಿಕ್ಕಿಬಿದ್ದಿದ್ರೆ ಏನಾಗ್ತಿತ್ತು ಅಂತ ಯೋಚಿಸಿ.

1952ರಲ್ಲಿ ಜೇಬಲ್ಲಿ 40 ಡಾಲರ್ ಇಟ್ಕೊಂಡು ನ್ಯೂಯಾರ್ಕ್‌ಗೆ ಬಂದ್ರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಡಿಸೈನರ್, ಮಧ್ಯೆ ಸ್ವಲ್ಪ ಕಾಲ ಮಿಲಿಟರಿ, ಆಮೇಲೆ ಜಾಹೀರಾತು ಏಜೆನ್ಸಿಯಲ್ಲಿ ಆರ್ಟ್ ಡೈರೆಕ್ಟರ್. ಕಾರ್ಲ್ ತಯಾರಾಗಿದ್ದು ಇಲ್ಲೇ ಅಂತ ನನ್ನ ವಾದ. ಪೇಪರ್ ತಿರುಗಿಸೋನ ಕಣ್ಣು ಅರೆಕ್ಷಣದಲ್ಲಿ ಹಿಡೀಬೇಕು, ಬೇಡದ್ದನ್ನೆಲ್ಲ ತೆಗೀಬೇಕು, ಬಿಳಿ ಜಾಗ ಬಿಡೋಕೆ ಹೆದರಬಾರದು, ಈ ಮೂರೂ ಆ ಹುಳದ ಪುಸ್ತಕದಲ್ಲಿ ಹಾಗೇ ಇವೆ ನೋಡಿ. ಅವರು ಮಾಡಿದ್ದ ಕೆಂಪು ಲಾಬ್‌ಸ್ಟರ್‌ನ ಒಂದು ಜಾಹೀರಾತು ನೋಡಿಯೇ ಬಿಲ್ ಮಾರ್ಟಿನ್ ಅನ್ನೋ ಲೇಖಕರು ಕರೆದು ‘ಬ್ರೌನ್ ಬೇರ್’ ಅನ್ನೋ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಸಿದ್ದು, 1967ರಲ್ಲಿ. ಮೂವತ್ತೆಂಟರ ಹತ್ತಿರದ ವಯಸ್ಸು ಆಗ!

ಹುಳ ಹುಟ್ಟಿದ ಕತೆ ಇನ್ನೂ ಮಜಾ. ಪಂಚಿಂಗ್ ಮಷೀನಲ್ಲಿ ಕಾಗದದ ಕಟ್ಟಿಗೆ ತೂತು ಹೊಡೀತಿದ್ದಾಗ ಪುಸ್ತಕ ತಿನ್ನೋ ಹುಳ ನೆನಪಾಯ್ತು. ಮೊದಲು ಮಾಡಿದ್ದು ವಿಲ್ಲಿ ಅನ್ನೋ ಹುಳ. ಎಡಿಟರ್ ಆನ್ ಬೆನೆಡ್ಯೂಸ್‌ಗೆ ಆ ಹುಳ ಅಷ್ಟು ಮುದ್ದು ಅನ್ನಿಸ್ಲಿಲ್ಲ, ಕ್ಯಾಟರ್‌ಪಿಲ್ಲರ್ ಆದ್ರೆ ಹೇಗೆ ಅಂದ್ರು, ಇವರಿಗೆ ತಕ್ಷಣ ಚಿಟ್ಟೆ ಹೊಳೀತು. ಅಲ್ಲಿಗೆ ಕತೆಗೆ ಕೊನೆ ಸಿಕ್ತು. ಆದ್ರೆ ಬೇರೆಬೇರೆ ಅಗಲದ ಪುಟ, ಮೇಲೆ ತೂತು, ಅಮೆರಿಕಾದಲ್ಲಿ ಮಾಡಿಸಿದ್ರೆ ಕೈಗೆಟುಕದ ರೇಟು. ಆಯಮ್ಮ ಜಪಾನಲ್ಲಿ ಪ್ರಿಂಟರ್ ಹುಡುಕಿದ್ರು, 1969ರಲ್ಲಿ ಪುಸ್ತಕ ಬಂತು. ಕವರ್ ಮೇಲೆ ಆ ಎಡಿಟರ್ ಹೆಸರಿಲ್ಲ.

ಚಿತ್ರ ಮಾಡ್ತಿದ್ದ ರೀತಿ ಕೇಳಿ. ತೆಳು ಟಿಶ್ಯೂ ಕಾಗದಕ್ಕೆ ತಾವೇ ಅಕ್ರಿಲಿಕ್ ಬಣ್ಣ ಬಳಿದು, ಗೀರಿ, ಒಣಗಿಸಿ, ದಾದರ್‌ನ ಸೀರೆ ಅಂಗಡೀಲಿ ಜೋಡಿಸಿಟ್ಟ ಹಾಗೆ ಬಣ್ಣದ ಪ್ರಕಾರ ಡ್ರಾಯರ್‌ಗಳಲ್ಲಿ ಇಡ್ತಿದ್ರು, ಬೇಕಾದಾಗ ಕತ್ತರಿಸಿ ಅಂಟಿಸೋದು. 2002ರಲ್ಲಿ ಹೆಂಡತಿ ಬಾರ್ಬರಾ ಜೊತೆ ಆಮ್‌ಹರ್ಸ್ಟ್‌ನಲ್ಲಿ ಚಿತ್ರಪುಸ್ತಕಗಳಿಗೇ ಅಂತ ಮ್ಯೂಸಿಯಂ ಮಾಡಿದ್ರು, 2021ರಲ್ಲಿ ತೀರಿಕೊಂಡ್ರು.

ನಮ್ಮ ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಏನಾಗುತ್ತೆ ಅಂದ್ರೆ ಕತೆ ಪೂರ್ತಿ ಮುಗಿದ ಮೇಲೆ ಆರ್ಟಿಸ್ಟ್‌ಗೆ ಫೋನ್ ಬರುತ್ತೆ, ಎಂಟು ಚಿತ್ರ ಹಾಕ್ಕೊಡಿ, ಸೋಮವಾರ ಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಚಿತ್ರಕಾರ ಕೆ.ಕೆ. ಹೆಬ್ಬಾರರು ಜೆ.ಜೆ. ಆರ್ಟ್ ಸ್ಕೂಲಲ್ಲಿ ಕಲಿತ ಊರು ಇದು, ಏಜೆನ್ಸಿಗಳಲ್ಲಿ ನಮ್ಮ ಹುಡುಗ ಹುಡುಗೀರು ಬೇಕಾದಷ್ಟಿದ್ದಾರೆ. ಅವರನ್ನ ಕತೆ ಹುಟ್ಟೋ ಮೊದಲೇ ಕೂರಿಸ್ಕೋಬೇಕು, ಪ್ರೆಸ್ಸಿನೋರನ್ನೂ. ಇಲ್ಲಿ ಪ್ರಿಂಟಿಂಗ್ ಲೈನಲ್ಲಿರೋರು ಯಾರಾದ್ರೂ ಇದ್ರೆ ಚಾ ಕುಡಿಯೋವಾಗ ಸಿಗಿ, ಸಾವಿರ ಕಾಪಿಗೆ ಡೈ ಕಟಿಂಗ್, ಅಂದ್ರೆ ಪುಟಗಳಿಗೆ ಹೀಗೆ ತೂತು ಹೊಡೆಸೋದು, ಎಷ್ಟಾಗುತ್ತೆ ಅಂತ ಕೇಳೋದಿದೆ.