ಅಡಿಕೆ ತಕ್ಕಡಿಯಲ್ಲಿ ಅಲಾಯ್ ವೀಲು

(ಉಡುಪಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತದಾ? ಫ್ಯಾನಿನ ಸದ್ದು ಜಾಸ್ತಿ ಉಂಟು. ಆದರೆ ಈ ಸೆಖೆಯಲ್ಲಿ ಅದನ್ನು ಆರಿಸಿ ಅಂತ ಹೇಳುವ ಧೈರ್ಯ ನನಗಿಲ್ಲ.

ನಾನು ಮಾಷ್ಟ್ರಲ್ಲ. ಮಂಗಳೂರಲ್ಲಿ ಇಪ್ಪತ್ತೆರಡು ವರ್ಷ ಟಯರು ಬಿಚ್ಚಿದವ, ರಿಮ್ಮಿನ ಬೆಂಡ್ ತೆಗೆದವ. ಮಾತಾಡುವುದಕ್ಕಿಂತ ನನಗೆ ಬಿಚ್ಚುವುದೇ ಸುಲಭ. ಅದಕ್ಕೇ ಈ ಮೇಜಿನ ಮೇಲೆ ಇಷ್ಟು ಸಾಮಾನು ತಂದಿಟ್ಟಿದ್ದೇನೆ.

ಕಳೆದ ವರ್ಷ ನನ್ನ ಅಕ್ಕನ ಮಗ ಕಾರಿಗೆ ಹೊಸ ಅಲಾಯ್ ವೀಲು, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು, ಹಾಕಿಸಿಕೊಂಡು ಬಂದ. ಕಂಪನಿಯಿಂದ ಬಂದದ್ದು 14 ಇಂಚಿನ ಉಕ್ಕಿನ ರಿಮ್ಮು. ಇವನು ಹಾಕಿಸಿದ್ದು 16 ಇಂಚು. "ಮಾವ, ಫುಲ್ ಲೈಟ್ ವೇಟು, ಇನ್ನು ಪಿಕಪ್ ನೋಡಿ" ಅಂದ. ನಾನು ಹಳೆಯದೊಂದು, ಹೊಸದೊಂದು ಟಯರಿಲ್ಲದ ರಿಮ್ಮು ಎತ್ತಿಕೊಂಡು ಬಂದರಿನಲ್ಲಿ ಪರಿಚಯದವರ ಅಡಿಕೆ ಅಂಗಡಿಗೆ ಹೋದೆ. ತಕ್ಕಡಿಗೆ ಇಟ್ಟೆವು. ಹಳೆಯದು 6 ಕಿಲೋ 700 ಗ್ರಾಂ. ಹೊಸದು 9 ಕಿಲೋ 200. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು, "ಅಡಿಕೆಯಾಗಿದ್ದರೆ ಸರಿ ಒಣಗಲಿಲ್ಲ ಅಂತ ವಾಪಸು ಕಳಿಸುತ್ತಿದ್ದೆ" ಅಂದರು. ಹುಡುಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಅಲಾಯ್ ಅಂದ ಕೂಡಲೇ ಹಗುರ ಅಂತ ಲೆಕ್ಕ ಹಾಕಬೇಡಿ. ಒಂದೇ ಗಾತ್ರದ ತುಂಡು ತೆಗೆದುಕೊಂಡರೆ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟೇ ತೂಗುತ್ತದೆ, ಸರಿ. ಆದರೆ ಅದರ ಬಿಗಿಯೂ ಕಡಿಮೆ, ಹಾಗಾಗಿ ದಪ್ಪ ಜಾಸ್ತಿ ಬೇಕು. ಮೇಲಿಂದ ಎರಡು ಇಂಚು ದೊಡ್ಡದು ಮಾಡಿದರೆ ಉಳಿದದ್ದೆಲ್ಲ ಅಲ್ಲಿಗೆ ಮುಗಿಯಿತು. ನಿಜವಾಗಿ ಹಗುರ ಮಾಡಿದವರು ತೂಕವನ್ನು ಅಡಗಿಸುವುದಿಲ್ಲ. ಜಪಾನಿನ ‘ರೇಸ್’ (Rays) ಅನ್ನುವ ಕಂಪನಿ 1996ರಲ್ಲಿ ಒಂದು ವೀಲು ತಂದಿತು, ಟಿಇ37 ಅಂತ. ಆ 37 ಎಂತದು ಗೊತ್ತುಂಟಾ? 15 ಇಂಚಿನ, 6 ಇಂಚು ಅಗಲದ ವೀಲಿನ ತೂಕ 3.7 ಕಿಲೋ. ಹೆಸರಲ್ಲೇ ತೂಕ!

ಇನ್ನು ಒಂದು ಮಾತು ನೀವೆಲ್ಲ ಕೇಳಿರುತ್ತೀರಿ. "ವೀಲಿನಲ್ಲಿ ಒಂದು ಕಿಲೋ ಇಳಿಸಿದರೆ ಬಾಡಿಯಲ್ಲಿ ಹತ್ತು ಕಿಲೋ ಇಳಿಸಿದ ಹಾಗೆ." ಬೈಕ್ ಹುಡುಗರು ಇದನ್ನು ದೇವರ ವಾಕ್ಯದ ಹಾಗೆ ಹೇಳುತ್ತಾರೆ. ನಾನೂ ಗಿರಾಕಿಗಳಿಗೆ ಹೇಳಿದ್ದೇನೆ, ಸುಳ್ಳು ಯಾಕೆ. ಆದರೆ ಪಿಕಪ್ಪಿನ ಲೆಕ್ಕಕ್ಕೆ ಅದು ನಿಲ್ಲುವುದಿಲ್ಲ.

ವೀಲು ಎರಡು ಕೆಲಸ ಮಾಡುತ್ತದೆ. ಗಾಡಿಯ ಜೊತೆ ಮುಂದೆ ಹೋಗುತ್ತದೆ, ತನ್ನಷ್ಟಕ್ಕೆ ತಿರುಗುತ್ತದೆ ಕೂಡ. ಎಂಜಿನ್ ಎರಡಕ್ಕೂ ಶಕ್ತಿ ಕೊಡಬೇಕು. ತೂಕ ಪೂರ್ತಿ ಟಯರಿನ ಹೊರಗಿನ ಅಂಚಿನಲ್ಲಿದ್ದರೆ, ತಿರುಗಿಸಲು ಬೇಕಾದ ಶಕ್ತಿ ಮುಂದೆ ತಳ್ಳಲು ಬೇಕಾದಷ್ಟೇ ಇರುತ್ತದೆ. ಅಂದರೆ ಒಂದು ಕಿಲೋ ಎರಡು ಕಿಲೋದ ಹಾಗೆ ಕಾಣುತ್ತದೆ. ಅಷ್ಟೇ, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ರಿಮ್ಮು ಇನ್ನೂ ಒಳಗಿದೆ. ಬೈಕಿನ 17 ಇಂಚಿನ ಮುಂದಿನ ವೀಲಿಗೆ 120/70 ಟಯರು ಹಾಕಿದರೆ ಹೊರಗಿನ ಅಡ್ಡಳತೆ ಸುಮಾರು 600 ಮಿಲಿಮೀಟರ್, ರಿಮ್ಮಿನದು 432. ಈ ಅನುಪಾತದ ವರ್ಗ ತೆಗೆದರೆ ಅರ್ಧದ ಹತ್ತಿರ ಬರುತ್ತದೆ. ಹಾಗಾಗಿ ರಿಮ್ಮಿನಲ್ಲಿ ಒಂದು ಕಿಲೋ ಇಳಿಸಿದರೆ ಒಂದೂವರೆ ಕಿಲೋದ ಲಾಭ. ನಡುವಿನ ಹಬ್ (hub) ಹತ್ತಿರ ಇಳಿಸಿದರೆ ಒಂದಕ್ಕೆ ಒಂದು, ಮತ್ತೇನಿಲ್ಲ.

ಈಗ ಬೈಕು 170 ಕಿಲೋ, ಸವಾರ 70 ಕಿಲೋ ಅಂತ ಇಟ್ಟುಕೊಳ್ಳಿ. ಎರಡೂ ವೀಲು ಸೇರಿ ಮೂರು ಕಿಲೋ ಇಳಿಸಿದಿರಿ. ಲಾಭ ನಾಲ್ಕೂವರೆ ಕಿಲೋ. 240ರಲ್ಲಿ ನಾಲ್ಕೂವರೆ, ನೂರಕ್ಕೆ ಎರಡೂ ಆಗಲಿಲ್ಲ. ಇದಕ್ಕೆ ಲಕ್ಷಗಟ್ಟಲೆ ಯಾಕೆ ಸುರಿಯಬೇಕು? ನಾಲ್ಕು ತಿಂಗಳು ರಾತ್ರಿಯ ಊಟ ಕಡಿಮೆ ಮಾಡಿದರೆ ಆಗುತ್ತಿತ್ತು.

ಆದರೂ ರೇಸಿನವರು ಸುರಿಯುತ್ತಾರೆ. ಅವರೇನು ಹುಚ್ಚರಲ್ಲ. ಲಾಭ ಇರುವುದು ಬೇರೆ ಕಡೆ.

ಮಳೆಗಾಲದಲ್ಲಿ ಗದ್ದೆ ದಾಟಿದ್ದೀರಾ? ಕಾಲಿಗೆ ಕೆಸರು ಅಂಟಿಕೊಂಡು ಒಂದೊಂದು ಹೆಜ್ಜೆಯೂ ಎತ್ತಲು ಕಷ್ಟ. ಅದೇ ಕೆಸರನ್ನು ಬುಟ್ಟಿಯಲ್ಲಿ ತುಂಬಿ ತಲೆ ಮೇಲೆ ಇಟ್ಟುಕೊಂಡರೆ ಅಷ್ಟು ಗೊತ್ತಾಗುವುದಿಲ್ಲ. ಗಾಡಿಗೂ ಹಾಗೆಯೇ. ಸ್ಪ್ರಿಂಗಿನ ಮೇಲಿರುವುದು ತಲೆಹೊರೆ. ಸ್ಪ್ರಿಂಗಿನ ಕೆಳಗಿರುವ ವೀಲು, ಟಯರು, ಡಿಸ್ಕು, ಫೋರ್ಕಿನ ಕೆಳಭಾಗ, ಇವೆಲ್ಲ ಕಾಲಿನ ಕೆಸರು. ರಸ್ತೆಯಲ್ಲಿ ಉಬ್ಬು ಬಂದಾಗ ವೀಲು ಮೇಲೆ ಹಾರುತ್ತದೆ. ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳಿ ಮತ್ತೆ ರಸ್ತೆಗೆ ಮುಟ್ಟಿಸಬೇಕು. ವೀಲು ಭಾರವಾದಷ್ಟೂ ವಾಪಸು ಬರುವುದು ತಡ. ಮುಟ್ಟದೆ ಇದ್ದ ಆ ಹೊತ್ತಿನಲ್ಲಿ ನಿಮಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ.

ಲೆಕ್ಕ ನೋಡಿ. ಮುಂದೆ ಸ್ಪ್ರಿಂಗಿನ ಕೆಳಗೆ ಒಟ್ಟು ಹದಿನೈದು ಕಿಲೋ ಅಂತ ಹಿಡಿಯಿರಿ. ವೀಲಿನಲ್ಲಿ ಒಂದೂವರೆ ಕಿಲೋ ಇಳಿದರೆ ಅಲ್ಲಿ ನೂರಕ್ಕೆ ಹತ್ತು ಇಳಿಯಿತು. ಪಿಕಪ್ಪಿನಲ್ಲಿ ಎರಡೂ ಸಿಗದಿದ್ದಲ್ಲಿ ಇಲ್ಲಿ ಹತ್ತು. ಹಗುರ ವೀಲಿನ ದುಡ್ಡು ಹುಟ್ಟುವುದು ಇಲ್ಲಿ, ತಿರುವಿನಲ್ಲಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಗೊತ್ತಾಗುತ್ತದೆ, ಸುರತ್ಕಲ್‌ನಿಂದ ಮೂಲ್ಕಿಯವರೆಗಿನ ನೆಟ್ಟಗಿನ ಹೈವೇಯಲ್ಲಿ ಗೊತ್ತಾಗುವುದಿಲ್ಲ.

ಬನ್ನಿ, ನೀವು, ನೀಲಿ ಶರ್ಟಿನವರು. ಈ ವೀಲಿನ ಆಕ್ಸಲನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ. ನಾನು ತಿರುಗಿಸುತ್ತೇನೆ. ಈಗ ಎಡಕ್ಕೆ ವಾಲಿಸಿ. ಕೈಯನ್ನು ಯಾರೋ ತಿರುಚಿದ ಹಾಗೆ ಆಯಿತು, ಅಲ್ವಾ? ಇದು ನಾನು ಕೈಯಲ್ಲಿ ತಿರುಗಿಸಿದ್ದು. ನೂರು ಕಿಲೋಮೀಟರ್ ವೇಗದಲ್ಲಿ ಈ ವೀಲು ನಿಮಿಷಕ್ಕೆ 880 ಸುತ್ತು ತಿರುಗುತ್ತದೆ. ಈಗ ಈ ಇನ್ನೊಂದು ಹಿಡಿಯಿರಿ, ಸ್ನೇಹಿತರಿಂದ ಕಡ ತಂದ ಫೋರ್ಜ್ಡ್ ವೀಲು, ಅಂದರೆ ಎರಕ ಹೊಯ್ಯದೆ ಒತ್ತಿ ಮಾಡಿದ ಹಗುರದ್ದು. ಬೀಳಿಸಬೇಡಿ ಮಾರಾಯ್ರೇ, ನನ್ನ ಅಂಗಡಿ ಮಾರಬೇಕಾಗುತ್ತದೆ. ತಿರುಚುವುದು ಕಡಿಮೆ ಆಯಿತಾ? ಬೈಕು ಒಂದು ಬದಿಯಿಂದ ಇನ್ನೊಂದು ಬದಿಗೆ ಬೇಗ ವಾಲುತ್ತದೆ ಅಂತ ರೇಸಿನವರು ಹೇಳುವುದು ಇದನ್ನೇ. ಕೂತುಕೊಳ್ಳಿ, ಥ್ಯಾಂಕ್ಸ್.

ಇನ್ನು ಮಾಡುವ ಬಗೆ. ಎರಕ ಹೊಯ್ಯುವುದು ಇಡ್ಲಿ ಮಾಡಿದ ಹಾಗೆ. ಹಿಟ್ಟು ಅಚ್ಚಿಗೆ ಸುರಿದರೆ ಆಕಾರ ಬರುತ್ತದೆ, ಒಳಗೆ ಸಣ್ಣ ಸಣ್ಣ ತೂತೂ ಉಳಿಯುತ್ತದೆ. ಇಡ್ಲಿಗೆ ಅದೇ ರುಚಿ, ವೀಲಿಗೆ ಅದೇ ರೋಗ. ಬಿರುಕು ಶುರುವಾಗುವುದು ಅಂಥ ತೂತಿನಿಂದಲೇ. ಆ ಹೆದರಿಕೆಗೆ ದಪ್ಪ ಹಾಕುತ್ತಾರೆ, ತೂಕ ಏರುತ್ತದೆ. ಫೋರ್ಜಿಂಗ್ ಅಂದರೆ ಕಮ್ಮಾರ ಕತ್ತಿ ಬಡಿದ ಹಾಗೆ. ಅಲ್ಯೂಮಿನಿಯಂ ಗಟ್ಟಿಯನ್ನು ಕಾಸಿ, ಸಾವಿರಾರು ಟನ್ನಿನ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ತೂತುಗಳು ಮುಚ್ಚುತ್ತವೆ, ಲೋಹದ ಎಳೆ ಆಕಾರದ ಜೊತೆಗೇ ಹರಿಯುತ್ತದೆ. ಬಲ ಇರುವುದರಿಂದ ತೆಳ್ಳಗೆ ಕೊರೆಯಬಹುದು. ನಡುವೆ ಒಂದು ದಾರಿ ಉಂಟು, ಫ್ಲೋ ಫಾರ್ಮಿಂಗ್. ಎರಕದ ವೀಲನ್ನೇ ತಿರುಗಿಸುತ್ತಾ ರೋಲರಿನಲ್ಲಿ ಒತ್ತಿ ಅಂಚನ್ನು ಎಳೆಯುವುದು, ಕುಂಬಾರ ಮಡಕೆಯ ಗೋಡೆ ಎಬ್ಬಿಸಿದ ಹಾಗೆ. ನನ್ನನ್ನು ಕೇಳಿದರೆ, ನಮ್ಮ ಕಾರುಗಳಿಗೆ ಇದೇ ಸಾಕು.

ಮೆಗ್ನೀಸಿಯಂ ಅಲ್ಯೂಮಿನಿಯಂಗಿಂತಲೂ ಹಗುರ. ಒಂದು ಘನ ಸೆಂಟಿಮೀಟರಿಗೆ 1.74 ಗ್ರಾಂ, ಅಲ್ಯೂಮಿನಿಯಂ 2.7. ಇಂಗ್ಲೆಂಡಿನ ಡೈಮ್ಯಾಗ್‌ನವರು 1974ರಿಂದ ರೇಸ್ ಬೈಕಿಗೆ ಇದರ ವೀಲು ಮಾಡಿದರು. ಫಾರ್ಮುಲಾ ಒನ್ ಕಾರಿನಲ್ಲಿ, ಮೋಟೊಜಿಪಿ ಬೈಕಿನಲ್ಲಿ ಇದೇ ಲೋಹ. ಹಾಗಾದರೆ ನಮಗೇನು ಕಷ್ಟ? ಉಪ್ಪು. ಕುಂದಾಪುರ ದಾಟಿ ಮರವಂತೆಗೆ ಹೋಗಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೈವೇ. ಅಲ್ಲಿ ಹತ್ತು ನಿಮಿಷ ನಿಂತು ನಾಲಿಗೆಯಲ್ಲಿ ತುಟಿ ಸವರಿಕೊಳ್ಳಿ. ಆ ಉಪ್ಪುನೀರು, ಒಂದು ಉಕ್ಕಿನ ಬೋಲ್ಟು, ಪಕ್ಕದಲ್ಲಿ ಮೆಗ್ನೀಸಿಯಂ, ಮೂರೂ ಸೇರಿದರೆ ಸಣ್ಣ ಬ್ಯಾಟರಿ ಸೆಲ್ ತಯಾರಾಯಿತು. ಆ ಸೆಲ್ ತಿನ್ನುವುದು ಮೆಗ್ನೀಸಿಯಮ್ಮನ್ನೇ. ಮೇಲಿನ ಪೇಂಟಿಗೆ ಒಂದು ಕಲ್ಲಿನ ಪೆಟ್ಟು ಬಿದ್ದರೆ ಸಾಕು, ಅಲ್ಲಿಂದ ಬಿಳಿ ಹುಡಿ ಏಳುತ್ತದೆ. ರೇಸ್ ತಂಡದವರು ಆಗಾಗ ವೀಲು ಬಿಚ್ಚಿ ಬಿರುಕು ಪರೀಕ್ಷೆ ಮಾಡುತ್ತಾರೆ. ನಾವು ಸರ್ವಿಸಿಗೆ ಬಿಡುವುದೇ ಮೂರು ಸಲ ನೆನಪಿಸಿದ ಮೇಲೆ. ಅಂದ ಹಾಗೆ, ಇದನ್ನು ಲೇತಿನಲ್ಲಿ ಕೊರೆಯುವಾಗ ಹುಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಹೈಡ್ರೋಜನ್ ಎದ್ದು ಇನ್ನೂ ಜೋರಾಗುತ್ತದೆ. ಒಣ ಹೊಯಿಗೆ ಹಾಕಬೇಕು.

ಕಾರ್ಬನ್ ಫೈಬರ್ ವೀಲಿನ ಬಗ್ಗೆ ಕೇಳಿಯೇ ಕೇಳುತ್ತೀರಿ. 2015ರಲ್ಲಿ ಫೋರ್ಡ್ ತನ್ನ ಶೆಲ್ಬಿ ಜಿಟಿ350ಆರ್ ಕಾರಿಗೆ ಕಾರ್ಬನ್ ವೀಲು ಹಾಕಿಯೇ ಮಾರಿತು. ಮಾಡಿಕೊಟ್ಟದ್ದು ಆಸ್ಟ್ರೇಲಿಯಾದ ಕಾರ್ಬನ್ ರೆವಲ್ಯೂಷನ್. ಒಂದೊಂದು ವೀಲಿಗೆ ಸುಮಾರು 6 ಕಿಲೋ ಇಳಿಯಿತು. 2017ರಲ್ಲಿ ಬಿಎಂಡಬ್ಲ್ಯು ಎಚ್‌ಪಿ4 ರೇಸ್ ಬೈಕಿಗೆ ವೀಲು ಮಾತ್ರ ಅಲ್ಲ, ಫ್ರೇಮನ್ನೇ ಕಾರ್ಬನ್ನಿನಲ್ಲಿ ಮಾಡಿತು. ತಮಾಷೆ ಎಂತ ಅಂದರೆ, ಮೋಟೊಜಿಪಿ ನಿಯಮದಲ್ಲಿ ಕಾರ್ಬನ್ ವೀಲಿಗೆ ಅವಕಾಶ ಇಲ್ಲ. ಒಂದು ಸೆಟ್ಟಿನ ಬೆಲೆಗೆ ಇಲ್ಲಿ ಒಳ್ಳೆಯ ಬೈಕೇ ಬರುತ್ತದೆ. ನನ್ನ ತಕರಾರು ಬೆಲೆಯದ್ದಲ್ಲ. ಅಲ್ಯೂಮಿನಿಯಂ ಹೊಂಡಕ್ಕೆ ಬಿದ್ದರೆ ಬೆಂಡಾಗಿ ತೋರಿಸಿಕೊಡುತ್ತದೆ. ಕಾರ್ಬನ್ನಿನ ಪದರ ಒಳಗೇ ಬಿಟ್ಟುಕೊಂಡಿದ್ದರೂ ಹೊರಗೆ ಮಿರಮಿರ ಹೊಳೆಯುತ್ತಿರಬಹುದು.

ಈಗ ನನ್ನದೇ ತಪ್ಪು ಹೇಳುತ್ತೇನೆ. ಜುಲೈ ತಿಂಗಳಲ್ಲಿ ನನ್ನ ಅಂಗಡಿ ಮುಂದೆ ದಿನಕ್ಕೆ ಏಳೆಂಟು ಬೆಂಡಾದ ರಿಮ್ಮು ಬರುತ್ತಿತ್ತು. ನೀರು ತುಂಬಿದ ಹೊಂಡ ಕಾಣುವುದಿಲ್ಲವಲ್ಲ. ಗ್ಯಾಸ್ ಹಚ್ಚಿ, ಕೆಂಪಾಗದಷ್ಟು ಕಾಸಿ, ಜಾಕ್ ಕೊಟ್ಟು ನೆಟ್ಟಗೆ ಮಾಡುತ್ತಿದ್ದೆ. ಚಂದ ಕೂರುತ್ತಿತ್ತು. ಗಿರಾಕಿಗೂ ಖುಷಿ. ಅದೇ ರಿಮ್ಮುಗಳು ಮುಂದಿನ ಮಳೆಗೆ, ಅದೇ ಜಾಗದಲ್ಲಿ, ಇನ್ನೂ ಸಣ್ಣ ಪೆಟ್ಟಿಗೆ ಬೆಂಡಾಗಿ ವಾಪಸು ಬರುತ್ತಿದ್ದವು. ರಸ್ತೆಗೆ ಬೈದೆ, ಗಿರಾಕಿಗೆ ಬೈದೆ.

ತಪ್ಪು ನನ್ನ ಗ್ಯಾಸ್ ಬರ್ನರಿನದ್ದು. ಫೋರ್ಜ್ಡ್ ವೀಲಿಗೆ ಬಳಸುವ 6061 ಅಲಾಯನ್ನು ಮೊದಲು 530 ಡಿಗ್ರಿಯ ಹತ್ತಿರ ಕಾಸಿ, ಥಟ್ಟನೆ ತಣಿಸಿ, ಮತ್ತೆ 160ರಿಂದ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡುತ್ತಾರೆ. ಟಿ6 ಅಂದರೆ ಅದು. ನಾನು ಐದು ನಿಮಿಷದಲ್ಲಿ ಮುನ್ನೂರು, ನಾನೂರು ಡಿಗ್ರಿ ಕೊಟ್ಟು ಆ ಗಟ್ಟಿತನವನ್ನೆಲ್ಲ ತೆಗೆದು ಕೈಯಲ್ಲಿ ಕೊಡುತ್ತಿದ್ದೆ. ಅಲ್ಯೂಮಿನಿಯಂ ಉಕ್ಕಿನ ಹಾಗೆ ಬಣ್ಣ ಬದಲಿಸಿ ಎಚ್ಚರಿಸುವುದೂ ಇಲ್ಲ. ಎಂತ ಸಾವು ನೋಡಿ. ಗೊತ್ತಾದ ದಿನದಿಂದ ಸಣ್ಣ ಬೆಂಡಾದರೆ ತಣ್ಣಗೇ ತೆಗೆಯುತ್ತೇನೆ, ಕಡ್ಡಿಯ (ಸ್ಪೋಕಿನ) ಬುಡದ ಹತ್ತಿರ ಬೆಂಡಾದರೆ ಅಥವಾ ಬಿರುಕು ಕಂಡರೆ ಮುಟ್ಟುವುದಿಲ್ಲ. ವೆಲ್ಡಿಂಗ್ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ಹಗುರ ಬೇಕು, ಹೊಂಡಕ್ಕೂ ತಡೆಯಬೇಕು ಅನ್ನುವವರಿಗೆ ಹಳೆಯ ಕಡ್ಡಿ ವೀಲು ಈಗಲೂ ಕೆಟ್ಟದ್ದಲ್ಲ. 1808ರಲ್ಲಿ ಜಾರ್ಜ್ ಕೇಲಿ ತಂತಿ ಕಡ್ಡಿಯ ವೀಲು ಯೋಚಿಸಿದ್ದೇ ಹಾರುವ ಯಂತ್ರಕ್ಕೆ, ತೂಕ ಕಡಿಮೆಯಾಗಲಿ ಅಂತ. ನಮ್ಮ ಉಡುಪಿಯ ಕೆ.ಪಿ. ಅರವಿಂದ್ ಗೊತ್ತಲ್ಲ? ಮನೆಯ ಹೆಂಗಸರಿಗೆ ಬಿಗ್ ಬಾಸ್‌ನಿಂದ ಗೊತ್ತು, ನಮಗೆ ಡಕಾರ್‌ನಿಂದ. 2019ರಲ್ಲಿ ಪೆರುವಿನ ಮರಳು, ಕಲ್ಲು ದಾಟಿ ಅವರು ಆ ರ್‍ಯಾಲಿ ಮುಗಿಸಿದರು. ಅಂಥ ರ್‍ಯಾಲಿ ಬೈಕಿನಲ್ಲಿ ಫೋರ್ಜ್ಡೂ ಇಲ್ಲ, ಕಾರ್ಬನ್ನೂ ಇಲ್ಲ, ಕಡ್ಡಿ ವೀಲೇ. ಪೆಟ್ಟು ಬಿದ್ದರೆ ಸ್ವಲ್ಪ ಬಾಗಿ ಬಿಡುತ್ತದೆ, ಒಂದು ಕಡ್ಡಿ ಹೋದರೆ ಅದೊಂದನ್ನೇ ಹಾಕಿ ಮುಂದೆ ಹೋಗಬಹುದು.

ಕೊಳ್ಳುವುದೇ ಆದರೆ ಒಳಬದಿ ತಿರುಗಿಸಿ ನೋಡಿ. ನಮ್ಮದಾದರೆ ಐಎಸ್‌ಐ ಗುರುತು, ಐಎಸ್ 16192. ಜಪಾನಿನದ್ದಾದರೆ ಜೆಡಬ್ಲ್ಯುಎಲ್. ಇದು ಸುಮ್ನೆ ಹೊಡೆಯುವ ಮುದ್ರೆಯಲ್ಲ. ಕಾರಿನ ವೀಲನ್ನು 13 ಡಿಗ್ರಿ ವಾಲಿಸಿ ಇಟ್ಟು, ಮೇಲಿಂದ ಭಾರ ಬೀಳಿಸಿ ಪರೀಕ್ಷಿಸುತ್ತಾರೆ. ‘ಫೋರ್ಜ್ಡ್’ ಅಂತ ಸ್ಟಿಕ್ಕರ್ ಮಾತ್ರ ಇದ್ದರೆ ಅದು ಸ್ಟಿಕ್ಕರಿನ ಬೆಲೆಯದ್ದು.

ಸಾಕು, ಮೋಡ ಕಟ್ಟುತ್ತಿದೆ. ಕೆಳಗೆ ಶೆಡ್ಡಿನಲ್ಲಿ ಅದೇ ಅಡಿಕೆ ಅಂಗಡಿಯ ತಕ್ಕಡಿ ತಂದಿಟ್ಟಿದ್ದೇನೆ, ಸಂಜೆ ಐದಕ್ಕೆ ವಾಪಸು ಕೊಡಬೇಕು. ಬೈಕ್ ತಂದವರು ಮುಂದಿನ ವೀಲು ಬಿಚ್ಚಿ ತನ್ನಿ, ಟಯರು ಸಮೇತ ತೂಗಿ ಬರೆದುಕೊಳ್ಳೋಣ. ಟಯರಿನದ್ದೇ ತೂಕ ಎಷ್ಟು ಅಂತ ನೋಡಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಪ್ರಶ್ನೆ ಇದ್ದವರು ಅಲ್ಲಿಯೇ ಕೇಳಿ. ಮತ್ತೆ, ಆಕ್ಸಲ್ ಎಳೆಯುವಾಗ ಬುಷ್ ಯಾವ ಬದಿಯದ್ದು ಅಂತ ನೋಡಿಟ್ಟುಕೊಳ್ಳಿ. ಕಳೆದ ಸಲ ಒಬ್ಬರು ಮನೆಗೆ ಹೋಗಿ ನೋಡಿದರೆ ಒಂದು ಬುಷ್ ಜೇಬಿನಲ್ಲೇ ಇತ್ತಂತೆ.