ಕೆನ್ನೆಯ ಮದ್ದು, ಗುಳಿಯ ಮದ್ದು

ಅಧ್ಯಕ್ಷರೇ, ವಾಚನಾಲಯದ ಹಿರಿಯರೇ, ಮಳೆ ಬಿಟ್ಟ ಹೊತ್ತು ನೋಡಿ ಬಂದು ಸೇರಿದ ಅಕ್ಕಂದಿರೇ, ಅಣ್ಣಂದಿರೇ,

ವರ್ಷಕ್ಕೊಮ್ಮೆ ಒಬ್ಬ ಡಾಕ್ಟ್ರನ್ನು ಕರೆಸಿ ಮಾತಾಡಿಸುವ ಪದ್ಧತಿ ಇಲ್ಲಿದೆ. ಸಕ್ಕರೆ ಕಾಯಿಲೆ ಆಗಿದೆ, ರಕ್ತದೊತ್ತಡ ಆಗಿದೆ. ಈ ಸಲದ ವಿಷಯವನ್ನು ನಾನೇ ಕೇಳಿ ಪಡೆದೆ: ಹಲ್ಲು ಕೀಳಿಸಿದ ಮೇಲೆ ನೋವು, ಬಾವಿಗೆ ಹಚ್ಚುವ ಗಿಡಮೂಲಿಕೆ ಕ್ರೀಮು. ಇಷ್ಟು ಸಣ್ಣ ವಿಷಯಕ್ಕೆ ಅರ್ಧ ಗಂಟೆ ಬೇಕಾ ಎಂದು ಕಾರ್ಯದರ್ಶಿಗಳು ಕೇಳಿದರು. ಬೇಕು. ಯಾಕೆಂದು ಹೇಳುತ್ತೇನೆ.

ನಮ್ಮ ಕಾಸರಗೋಡಿನ ಕಡೆಯ ಒಬ್ಬ ನಿವೃತ್ತ ಮಾಷ್ಟ್ರು, ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಒಳ್ಳೆಯ ಅರ್ಥಧಾರಿ. ಗುರುವಾರ ಒಂದು ಕಡೆ ಕೆಳಗಿನ ಬುದ್ಧಿಹಲ್ಲು ಕೀಳಿಸಿದರು. ವಸಡು ಕೊಯ್ದು, ಎಲುಬು ಸ್ವಲ್ಪ ಕೊರೆದು ತೆಗೆದ ಹಲ್ಲು. ಭಾನುವಾರ ರಾತ್ರಿ ಕೂಟ ಇತ್ತು, ಕೃಷ್ಣನ ಪಾತ್ರ ಇವರದ್ದು. ಮೂರು ದಿನ ಇದೆಯಲ್ಲ, ಸಾಕು ಅಂದುಕೊಂಡರು. ಆದರೆ ಇಂಥ ಶಸ್ತ್ರಕ್ರಿಯೆಯ ಬಾವು ಅತಿ ಹೆಚ್ಚಾಗುವುದೇ ಎರಡನೇ, ಮೂರನೇ ದಿನ. ಆಮೇಲೆ ತಾನಾಗಿ ಇಳಿಯುತ್ತದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೈಗೆ ಒಂದು ಚೀಟಿ ಕೊಟ್ಟಿದ್ದರು, ಮಲಯಾಳದಲ್ಲಿ. ಮಾಷ್ಟ್ರು ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ.

ಶುಕ್ರವಾರ ಕೆನ್ನೆ ಊದಿತು. ಮಗ ಪೇಟೆಯಿಂದ ಹಸಿರು ಎಲೆಯ ಚಿತ್ರ ಇರುವ ಟ್ಯೂಬು ತಂದ. ಹಚ್ಚಿದರು, ತಂಪಾಯಿತು. ಅಲ್ಲಿಯವರೆಗೆ ತಪ್ಪೇನೂ ಇಲ್ಲ. ಆದರೆ ಹೊರಗೆ ಇಷ್ಟು ಹಿತ ಆದರೆ ಒಳಗೆ ಎಷ್ಟು ಆಗಬೇಡ ಎಂದು ಶನಿವಾರ ಬೆಳಿಗ್ಗೆ ಅದೇ ಕ್ರೀಮನ್ನು ಬೆರಳಿನಲ್ಲಿ ತೆಗೆದು ಹಲ್ಲಿನ ಗುಳಿಗೆ ತುಂಬಿಸಿದರು. ಕಹಿಯಾಯಿತು ಅಂತ ಬಾಯಿ ಮುಕ್ಕಳಿಸಿ ಉಗುಳಿದರು. ಮತ್ತೆ ಹಚ್ಚಿದರು, ಮತ್ತೆ ಉಗುಳಿದರು. ಸಂಜೆ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟರು. ಭಾನುವಾರ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ನನ್ನ ಮನೆ ಬಾಗಿಲಿಗೆ ಬಂದರು. ಮಾತು ಹೊರಡುತ್ತಿಲ್ಲ, ಕಿವಿ ತೋರಿಸುತ್ತಾರೆ. ಬಾಯಿಯೊಳಗೆ ಟಾರ್ಚು ಹಾಕಿ ನೋಡಿದರೆ ಗುಳಿ ಖಾಲಿ, ತಳದಲ್ಲಿ ಎಲುಬು ಕಾಣುತ್ತಿದೆ, ಸುತ್ತಲಿನ ವಸಡು ಎಣ್ಣೆಗೆ ಸುಟ್ಟು ಬಿಳಿಯಾಗಿದೆ.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮೊದಲ ಮದ್ದು. ಇದನ್ನು ನಾನು ಇವತ್ತು ಹತ್ತು ಸಲ ಹೇಳುತ್ತೇನೆ, ಬೇಸರಿಸಬೇಡಿ. ಕೆಳಗಿನ ಎಲುಬನ್ನು ಮುಚ್ಚುವುದು ಅದು, ಹೊಸ ಮಾಂಸ ಬೆಳೆಯುವುದು ಅದರ ಮೇಲೆ. ಅದು ಎದ್ದುಹೋದರೆ ಎಲುಬು ಬರಿದಾಗಿ, ಎರಡರಿಂದ ನಾಲ್ಕನೇ ದಿನದೊಳಗೆ ಕಿವಿಯ ತನಕ ಹೊಡೆಯುವ ನೋವು ಶುರುವಾಗುತ್ತದೆ. ಡ್ರೈ ಸಾಕೆಟ್ ಅಂತ ನಾವು ಕರೆಯುತ್ತೇವೆ.

ಗುಳಿಯನ್ನು ಉಪ್ಪುನೀರಿನಲ್ಲಿ ತೊಳೆದು ಮದ್ದಿನ ಪಟ್ಟಿ ಇಟ್ಟೆ. ಆ ಪಟ್ಟಿಯಲ್ಲಿ ಇದ್ದದ್ದು ಏನು ಗೊತ್ತುಂಟಾ? ಯೂಜೆನಾಲ್. ಲವಂಗದ ಎಣ್ಣೆಯ ಮುಖ್ಯ ಸಾರ. ಅದೇ ಲವಂಗ! ಅವರ ಕೈಯಲ್ಲಿ ವಸಡು ಸುಟ್ಟದ್ದು, ಅಳತೆಗೆ ಸಿಕ್ಕಾಗ ನೋವು ತೆಗೆಯಿತು. ಹಾಗಾಗಿ ಗಿಡಮೂಲಿಕೆ ಸುಳ್ಳು ಅಂತ ನಾನು ಹೇಳಲು ಬಂದಿಲ್ಲ. ನನ್ನ ಅಜ್ಜಿ ನೆಕ್ಕಿ (ಲಕ್ಕಿ) ಸೊಪ್ಪು ಬಿಸಿ ಮಾಡಿ ಬಾವಿಗೆ ಕಟ್ಟುತ್ತಿದ್ದರು, ಅದರಲ್ಲಿ ಬೆಳೆದವ ನಾನು. ಎಷ್ಟು, ಎಲ್ಲಿ, ಯಾವಾಗ, ಇದಷ್ಟೇ ನನ್ನ ಜಗಳ.

ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳನ್ನು 65 ಅಂತ ಎಣಿಸಿದ್ದಾರೆ. ಅದೇ ಗ್ರಂಥದಲ್ಲಿ ಲೇಪ ಹಚ್ಚುವ ವಿಧಿಯೂ ಇದೆ: ರೋಮದ ದಿಕ್ಕಿಗೆ ಎದುರಾಗಿ ಹಚ್ಚಬೇಕು, ರಾತ್ರಿ ಹಚ್ಚಬಾರದು, ಒಣಗಿದ ಲೇಪವನ್ನು ಹಾಗೇ ಬಿಡಬಾರದು. ಒಂದು ಲೇಪಕ್ಕೆ ಇಷ್ಟು ಕಟ್ಟುಪಾಡು! ‘ಆಯುರ್ವೇದ ಅಲ್ಲವಾ, ಎಲ್ಲಿ ಹಚ್ಚಿದರೂ ದೋಷ ಇಲ್ಲ’ ಎನ್ನುವ ಮಾತು ಆಯುರ್ವೇದದ್ದೇ ಅಲ್ಲ.

ಇನ್ನು ಟ್ಯೂಬಿನೊಳಗೆ ಏನಿದೆ ನೋಡೋಣ. ತಂಪು ಕೊಡುವುದು ಪುದೀನದ ಮೆಂಥಾಲ್. ಚರ್ಮದಲ್ಲಿ ತಂಪನ್ನು ತಿಳಿಯುವ ನರಗಳನ್ನು ಅದು ಎಬ್ಬಿಸುತ್ತದೆ, ನೋವಿನ ಕಡೆ ಗಮನ ತಗ್ಗುತ್ತದೆ. ಹಿತ ಹೌದು. ಆದರೆ ಕೆನ್ನೆಯ ಚರ್ಮ, ಕೊಬ್ಬು, ಸ್ನಾಯು ದಾಟಿ ಎಲುಬಿನ ಒಳಗಿನ ಗುಳಿಯ ತನಕ ಅದು ಇಳಿದುಹೋಗುತ್ತದೆ ಎಂದು ನಂಬಬೇಡಿ. ಯುರೋಪಿನ ಬೆಟ್ಟಗಳಲ್ಲಿ ಬೆಳೆಯುವ ಆರ್ನಿಕಾ ಹೂವಿನ ಕ್ರೀಮು ಕೂಡ ಬರುತ್ತದೆ. ಬುದ್ಧಿಹಲ್ಲು ತೆಗೆದವರಲ್ಲಿ ಆರ್ನಿಕಾವನ್ನು ಪರೀಕ್ಷಿಸಿ ನೋಡಿದ್ದಾರೆ, ಫಲ ಒಂದೇ ತೆರನಾಗಿ ಬಂದಿಲ್ಲ. ಒಡೆದ ಚರ್ಮಕ್ಕೆ, ಬಾಯಿಯ ಒಳಗೆ ಅದನ್ನು ಹಚ್ಚಲೇಬಾರದು. ಕೆಲವು ನೋವಿನ ಮುಲಾಮಿನಲ್ಲಿ ವಿಂಟರ್‌ಗ್ರೀನ್ ಎಣ್ಣೆ ಇರುತ್ತದೆ, ಅದು ಆಸ್ಪಿರಿನ್ ಕುಟುಂಬದ್ದು. ಇಲ್ಲಿ ಹೃದಯದ ಶಸ್ತ್ರಕ್ರಿಯೆ ಆಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವ ಹಿರಿಯರು ಇದ್ದೀರಿ. ಹಲ್ಲು ಕೀಳಿಸಿದ ಹೊತ್ತಿಗೆ ನೀವು ಆ ಮುಲಾಮನ್ನು ಧಾರಾಳ ಉಜ್ಜಿದರೆ ರಕ್ತ ನಿಲ್ಲುವುದು ಕಷ್ಟವಾಗಬಹುದು. ಕರ್ಪೂರ ಇರುವ ಡಬ್ಬಿ ಮಕ್ಕಳ ಕೈಗೆ ಸಿಗಬಾರದು, ತಿಂದರೆ ಫಿಟ್ಸ್ ಬರಬಹುದು.

ಮೊದಲ ದಿನ ಕ್ರೀಮಿಗಿಂತ ಮಂಜುಗಡ್ಡೆ ಒಳ್ಳೆಯದು. ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಕೆನ್ನೆಗೆ, ಮತ್ತೆ ಅಷ್ಟೇ ಹೊತ್ತು ಬಿಡುವು. ಅಜ್ಜಿಯ ನೆಕ್ಕಿ ಸೊಪ್ಪಿನ ಶಾಖ ಆ ದಿನ ಬೇಡ, ಎರಡು ದಿನ ಕಳೆಯಲಿ. ಹೊಲಿಗೆ ಇರುವ ಕಡೆ ಉಜ್ಜಬೇಡಿ, ಒತ್ತಬೇಡಿ. ನೋವಿನ ಮಾತ್ರೆ ಬರೆದುಕೊಟ್ಟರೆ ನುಂಗಿ. ಕ್ರೀಮು ಹಚ್ಚಿದ್ದೇನೆ, ಮಾತ್ರೆ ಯಾಕೆ ಅನ್ನಬೇಡಿ.

ಗಂಟೆ ಬಾರಿಸಿದರು. ಉಳಿದದ್ದನ್ನು ಬೇಗ ಹೇಳುತ್ತೇನೆ. ಬೊಂಡ, ಅಂದರೆ ಎಳನೀರು, ಕುಡಿಯಿರಿ, ಆದರೆ ಕೊಳವೆ ಹಾಕಿ ಎಳೆಯಬೇಡಿ, ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಎಳೆದರೆ ಹೆಪ್ಪು ಏಳುತ್ತದೆ, ಆ ಹೆಪ್ಪೇ ಮದ್ದು. ಕುಚ್ಚಲಕ್ಕಿ ಗಂಜಿ ಆರಿಸಿ ಉಣ್ಣಿ. ಉಪ್ಪುನೀರು ಮರುದಿನದಿಂದ. ಬೀಡಿ ಬೇಡ. ಎಲೆ ಅಡಿಕೆಯ ಬಗ್ಗೆ ಅಡಿಕೆ ತೋಟದ ನಡುವೆ ನಿಂತು ಹೇಳುವುದು ನನಗೆ ಸುಲಭವಲ್ಲ, ನಮ್ಮ ಮನೆಯ ಅನ್ನವೂ ಅದೇ. ಆದರೂ ಗಾಯ ಮಾಯುವ ತನಕ ಬಿಡಿ. ಮೂರು ದಿನ ಕಳೆದ ಮೇಲೂ ಬಾವು ಏರುತ್ತಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ, ನಾಲಿಗೆಯ ಕೆಳಗೆ, ಗದ್ದದ ಕೆಳಗೆ ಗಟ್ಟಿಯಾಗಿ ಊದಿದರೆ ಯಾವ ಕ್ರೀಮೂ ಹುಡುಕಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಅದು ಉಸಿರು ಕಟ್ಟಿಸುವ ಬಾವು.

ಮಾಷ್ಟ್ರ ಕಥೆ ಮುಗಿದಿಲ್ಲ. ಭಾನುವಾರ ಕೃಷ್ಣನ ಅರ್ಥ ಬೇರೆಯವರು ಹೇಳಿದರು, ಇವರು ಎದುರಿನ ಸಾಲಿನಲ್ಲಿ ಕೂತು ಕೇಳಿದರು. ವಾರ ಕಳೆದು ಆ ಟ್ಯೂಬು ತಂದು, ‘ಡಾಕ್ಟ್ರೇ, ಇದರಲ್ಲಿ ಏನು ಬರೆದಿದೆ, ಓದಿ’ ಅಂದರು. ಸಾಸಿವೆ ಗಾತ್ರದ ಅಕ್ಷರ, ಇಂಗ್ಲಿಷು: ಹೊರ ಉಪಯೋಗಕ್ಕೆ ಮಾತ್ರ. ಮೂವತ್ತು ವರ್ಷ ಕನ್ನಡ ಕಲಿಸಿದ ಮನುಷ್ಯನಿಗೆ ತನ್ನ ಬಾಯಿಯ ಮದ್ದಿನ ಬಗ್ಗೆ ಒಂದು ಸಾಲು ಕನ್ನಡ ಸಿಗಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡದವರು ಇಲ್ಲಿ ಏನೇನು ಕೇಳುತ್ತಾ ಬಂದಿದ್ದೇವೆ ನಿಮಗೆ ಗೊತ್ತಿದೆ. ನಾನು ಕೇಳುವುದು ಇಷ್ಟೇ: ಹಲ್ಲು ಕೀಳುವ ಪ್ರತಿಯೊಂದು ಕ್ಲಿನಿಕ್ಕಿನಲ್ಲೂ ಆ ಚೀಟಿ ಕನ್ನಡದಲ್ಲಿಯೂ ಇರಬೇಕು.

ನಾನು ಬರೆದ ಚೀಟಿಗಳು ಬಾಗಿಲ ಹತ್ತಿರದ ಮೇಜಿನ ಮೇಲೆ ಇವೆ, ದೊಡ್ಡ ಅಕ್ಷರದಲ್ಲಿ. ಮನೆಯಲ್ಲಿ ಹಿರಿಯರಿದ್ದರೆ ಎರಡು ತಗೊಳ್ಳಿ. ಹಿಂದಿನ ಸಾಲಿನ ಅಕ್ಕ ಆಗಿನಿಂದ ಕೈ ಎತ್ತುತ್ತಿದ್ದಾರೆ. ಕೇಳಿ ಅಕ್ಕ.