ಕಟ್ಟಿದವರ ಕಡೆಗೂ ಒಮ್ಮೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ಯಾರು ಯಾರು ಕೇಳುತ್ತಿರುತ್ತೀರಿ ಎಂಬ ಅಂದಾಜು ನನಗಿದೆ. ಗದಗ, ರೋಣ, ನರಗುಂದ, ಶಿರಹಟ್ಟಿ ಕಡೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವರು ಇರುತ್ತೀರಿ. ಹಾವೇರಿ, ಬ್ಯಾಡಗಿ ಕಡೆ ಅಂಗಡಿ ಬಾಗಿಲು ಹಾಕುವ ಮೊದಲು ಮೊಬೈಲಿನಲ್ಲಿ ರೇಡಿಯೊ ಹಚ್ಚಿದವರು ಇರುತ್ತೀರಿ. ರೊಟ್ಟಿ ಬಡಿಯುತ್ತಾ ಕೇಳುವ ಅಕ್ಕ ತಂಗಿಯರೂ ಇರುತ್ತೀರಿ. ನಿಮ್ಮಲ್ಲಿ ಜಾಸ್ತಿ ಜನ ಒಮ್ಮೆಯಾದರೂ ಊರಿನ ಸೊಸೈಟಿಯಲ್ಲಿ ಸಾಲ ಮಾಡಿದವರು. ಅದನ್ನು ಕಟ್ಟಿ ಮುಗಿಸಿದವರು. ಇವತ್ತು ನಾನು ಮಾತಾಡುವುದು ನಿಮ್ಮ ಬಗ್ಗೆಯೇ.

ನನಗೆ ಕೊಟ್ಟ ವಿಷಯ ದೊಡ್ಡದು. ರಾಷ್ಟ್ರ ರಾಜಕಾರಣ ಮತ್ತು ಸರಕಾರದ ನೀತಿ, ಒಬ್ಬ ನಾಗರಿಕ ಕಂಡಂತೆ. ನಾನು ಗದಗ ತಾಲೂಕಿನ ಒಂದು ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರ ಸಂಘದ ಸೆಕ್ರೆಟರಿಯಾಗಿ ದುಡಿದು ನಿವೃತ್ತನಾದವನು. ದೇಶವನ್ನು ನಾನು ನೋಡಿದ್ದು ಆ ಸಂಘದ ಲೆಜರಿನಿಂದಲೇ. ನನ್ನದು ಹಳೇ ವಿಚಾರ ಅಂತ ಕಿರಿಯರು ಹೇಳುತ್ತಾರೆ. ಹೌದು, ಹಳೇ ವಿಚಾರವೇ. ಮಾಡಿದ ಸಾಲ ತೀರಿಸಬೇಕು. ಬಂದದ್ದರಲ್ಲಿ ಸ್ವಲ್ಪ ಉಳಿಸಬೇಕು. ಊರಿನವರು ತಾವೇ ಮಾಡಿಕೊಳ್ಳಬಹುದಾದ ಕೆಲಸಕ್ಕೆ ಸರಕಾರ ಕೈ ಹಾಕಬಾರದು. ಊರಿನವರಿಂದ ಆಗದ ಕೆಲಸವನ್ನು ಸರಕಾರ ಬಿಡಬಾರದು. ಇದರಲ್ಲಿ ನಾಚಿಕೆಪಡುವಂಥದ್ದು ನನಗೆ ಏನೂ ಕಾಣುವುದಿಲ್ಲ.

ಪಕ್ಷಗಳ ಹೆಸರು ನಾನು ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇಲ್ಲ. ನಾನು ಹೇಳುವ ರೋಗ ಎಲ್ಲ ಪಕ್ಷಗಳಿಗೂ ಹತ್ತಿದೆ. ನನ್ನದು ಒಂದೇ ಮಾತು. ದಿಲ್ಲಿ ಸರಕಾರ ಇರಲಿ, ಬೆಂಗಳೂರಿನ ಸರಕಾರ ಇರಲಿ, ಕೊಟ್ಟ ಮಾತು ಉಳಿಸಿಕೊಂಡವರ ಕಡೆ ನಿಲ್ಲಬೇಕು.

ಈ ಮಾತು ಆಡಲು ಗದಗಿಗಿಂತ ಒಳ್ಳೆಯ ಜಾಗ ದೇಶದಲ್ಲಿ ಇಲ್ಲ. ನಮ್ಮ ಗದಗ ತಾಲೂಕಿನ ಕಣಗಿನಹಾಳ ಊರು ನಿಮಗೆಲ್ಲ ಗೊತ್ತು. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರ ಸಂಘಗಳ ಕಾಯ್ದೆ ಮಾಡಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಶುರುವಿನ ಬಂಡವಾಳ 2,000 ರೂಪಾಯಿ. ಅಲ್ಲಿಯತನಕ ಸಾಲ ಬೇಕೆಂದರೆ ಸಾಹುಕಾರನ ಮನೆಗೇ ಹೋಗಬೇಕಿತ್ತು. ಅವನು ಹೇಳಿದ್ದೇ ಬಡ್ಡಿ.

ಆ ಕಾಯ್ದೆಯಲ್ಲಿ ಒಂದು ಗಟ್ಟಿ ನಿಯಮ ಇತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದರೆ ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲ ಸೇರಿ ತುಂಬಬೇಕು. ಹಾಗಾಗಿ ಸಾಲ ಕೊಡುವಾಗ ಊರೇ ಕೂತು ನೋಡುತ್ತಿತ್ತು. ಇವನು ದುಡಿಯುವವನೇ? ಬೀಜಕ್ಕೆ ತೆಗೆದುಕೊಂಡ ರೊಕ್ಕ ಬೀಜಕ್ಕೇ ಹಾಕುತ್ತಾನೆಯೇ? ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇದ್ದದ್ದಕ್ಕೇ ಸಂಘ ನಿಂತಿತು. ಆಮೇಲೆ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟದ ಸಂಘಗಳು ಬಂದವು. ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕ್, ಅಂದರೆ ಕೆ.ಸಿ.ಸಿ. ಬ್ಯಾಂಕ್, ಬಂತು. ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ ಎದ್ದಿತು. ಇವೆಲ್ಲ ನಮ್ಮ ಹಿರಿಯರು ತಮ್ಮ ಗಂಟಿನ ರೊಕ್ಕ ಹಾಕಿ, ಹೊಣೆ ಹೊತ್ತು ಕಟ್ಟಿದವು.

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸ್ವಲ್ಪ ಸಾವಕಾಶವಾಗಿ ಕೇಳಬೇಕು. ದಿಲ್ಲಿಯಲ್ಲಿ ಒಂದು ಸಾಲು ಬರೆದರೆ ಹಳ್ಳಿಯಲ್ಲಿ ಏನಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗಲೇ.

1989ರ ಸುಮಾರು. ನಾನಾಗ ಹೊಸ ಸೆಕ್ರೆಟರಿ. ನಮ್ಮ ಸಂಘದಲ್ಲಿ ಒಬ್ಬ ಹೆಣ್ಣುಮಗಳ ಖಾತೆ ಇತ್ತು. ಗಂಡ ತೀರಿಕೊಂಡಿದ್ದ. ನಾಲ್ಕು ಎಕರೆ ಎರಿ ಹೊಲ. ಹತ್ತಿ ಬೆಳೆಯಲು ಸಾಲ ತೆಗೆದಿದ್ದಳು, ಮೂರು ಸಾವಿರದ ಆಚೀಚೆ. ಆ ವರ್ಷ ಹತ್ತಿ ಕೈ ಕೊಟ್ಟಿತು. ನಾನೇ ಹೇಳಿದೆ, ಅವಧಿ ಮುಂದೆ ಹಾಕಿಸಿಕೊಡುತ್ತೇನೆ, ನಿಯಮದಲ್ಲಿ ಅವಕಾಶ ಇದೆ ಅಂತ. ಆಕೆ ಒಪ್ಪಲಿಲ್ಲ. ‘ಬಾಕಿ ಇಟಗೊಂಡ ಮಲಗಿದ್ರ ನಿದ್ದಿ ಹತ್ತೂದಿಲ್ರಿ’ ಅಂದಳು. ಹಾಲು ಕೊಡುವ ಎಮ್ಮೆ ಮಾರಿದಳು. ಯುಗಾದಿಗೆ ಮೊದಲು ಬಂದು ಅಸಲು ಬಡ್ಡಿ ಎರಡನ್ನೂ ಕಟ್ಟಿದಳು. ಓದು ಬರುತ್ತಿರಲಿಲ್ಲ. ರಸೀದಿಯನ್ನು ನನ್ನ ಕಡೆಯಿಂದ ಎರಡು ಸಲ ಓದಿಸಿದಳು. ಅಸಲೆಷ್ಟು, ಬಡ್ಡಿಯೆಷ್ಟು, ಇನ್ನು ಬಾಕಿ ಏನೂ ಇಲ್ಲ ಹೌದಲ್ಲೋ ಅಂತ ಕೇಳಿ ಖಾತ್ರಿ ಮಾಡಿಕೊಂಡಳು.

ಅದೇ ಓಣಿಯಲ್ಲಿ ಇನ್ನೊಬ್ಬರಿದ್ದರು. ಹೊಲ ದೊಡ್ಡದು, ಮನೆ ಮುಂದೆ ಟ್ರ್ಯಾಕ್ಟರ್. ನಮ್ಮಲ್ಲಿ ಮೂರು ವರ್ಷದ ಕಟಬಾಕಿ. ನೋಟಿಸು ಹಿಡಿದುಕೊಂಡು ಹೋದರೆ ಚಹಾ ಕುಡಿಸಿ ಕಳಿಸುತ್ತಿದ್ದರು. ‘ತಡೀರಿ ಸೆಕ್ರೆಟರಿ, ಎಲೆಕ್ಷನ್ ಬರ್ಲಿ, ಎಲ್ಲಾ ಮನ್ನಾ ಆಗತೈತಿ’ ಅನ್ನುತ್ತಿದ್ದರು. ಅವರು ಅಂದದ್ದು ಅಕ್ಷರಶಃ ನಿಜವಾಯಿತು. ಆ ವರ್ಷ ನವೆಂಬರಿನಲ್ಲಿ ಲೋಕಸಭೆ ಚುನಾವಣೆ ಆಯಿತು. ಹೊಸ ಸರಕಾರ ಬಂತು. 1990ರಲ್ಲಿ ಕೇಂದ್ರ ಸರಕಾರ 10,000 ರೂಪಾಯಿವರೆಗಿನ ಕೃಷಿ ಸಾಲ ಮನ್ನಾ ಮಾಡಿತು. ರಾಜ್ಯಗಳು ಅದನ್ನು ಸಹಕಾರ ಸಂಘಗಳಿಗೂ ತಂದವು. 1989ರ ಅಕ್ಟೋಬರ್ 2ಕ್ಕೆ ಯಾರದು ಬಾಕಿ ಇತ್ತೋ ಅವರಿಗೆ ಲಾಭ. ಬೇಕಂತಲೇ ಕಟ್ಟದವರನ್ನು ಬಿಡಬೇಕು ಅಂತ ಕಾಗದದಲ್ಲಿ ಬರೆದಿತ್ತು ನಿಜ. ಆದರೆ ಯಾರು ಬೇಕಂತಲೇ ಕಟ್ಟಿಲ್ಲ ಅಂತ ಊರಲ್ಲಿ ಎದುರು ನಿಂತು ಹೇಳುವವರು ಯಾರು?

ಸಾಲ ಮನ್ನಾ ಆದವರ ಯಾದಿಯನ್ನು ಸಂಘದ ಗೋಡೆಗೆ ಹಚ್ಚಿದೆವು. ಆ ಹೆಣ್ಣುಮಗಳು ಬಂದಳು. ಮಗನ ಕಡೆಯಿಂದ ಯಾದಿ ಓದಿಸಿದ್ದಳು.

‘ಸಾಹೇಬ್ರ, ಯಾದಿಯೊಳಗ ನನ್ನ ಹೆಸರಿಲ್ಲಲ್ರಿ.’

‘ನಿಮ್ಮದು ಬಾಕಿ ಇಲ್ಲಲ್ಲವ್ವಾ. ನೀವು ಕಟ್ಟೀರಿ.’

‘ಹಂಗಾದ್ರ ಕಟ್ಟಿದ್ದ ನನ್ನ ತಪ್ಪಾತೇನ್ರಿ?’

ಸಿಟ್ಟು ಮಾಡಲಿಲ್ಲ ಆಕೆ. ಲೆಕ್ಕ ಕೇಳಿದಂತೆ ಕೇಳಿದಳು. ನಾನು ಸರಕಾರದ ಸುತ್ತೋಲೆ ತೆಗೆದು ದಿನಾಂಕ ತೋರಿಸಿದೆ. ಆಕೆಯ ಪ್ರಶ್ನೆಗೆ ಆ ಸುತ್ತೋಲೆಯಲ್ಲಿ ಉತ್ತರ ಇರಲಿಲ್ಲ. ಇವತ್ತಿಗೂ ಯಾವ ಸುತ್ತೋಲೆಯಲ್ಲೂ ಇಲ್ಲ.

ಮುಂದಿನ ಕತೆ ಕೇಳಿ. ಮನ್ನಾದ ಹಣ ಸಂಘಕ್ಕೆ ಬರಲು ತಡವಾಯಿತು. ನಾವು ಮೇಲಿನ ಬ್ಯಾಂಕಿಗೆ ಕಟ್ಟಬೇಕಾದದ್ದು ನಿಂತಿತು. ಮುಂಗಾರು ಬಂದು ಹೆಸರುಕಾಳು ಬಿತ್ತುವ ಹೊತ್ತಿಗೆ ಹೊಸ ಸಾಲ ಕೊಡಲು ನಮ್ಮಲ್ಲಿ ರೊಕ್ಕ ಇರಲಿಲ್ಲ. ಸಣ್ಣ ರೈತರು ಮತ್ತೆ ಖಾಸಗಿ ಸಾಲಕ್ಕೆ ಹೋದರು. ಕಣಗಿನಹಾಳದ ಗೌಡರು ಯಾವ ಬಾಗಿಲಿನಿಂದ ಜನರನ್ನು ಬಿಡಿಸಿದ್ದರೋ, ಅದೇ ಬಾಗಿಲಿಗೆ! ಅದರ ಮುಂದಿನ ವರ್ಷಗಳಲ್ಲಿ ವಸೂಲಿ ಕುಸಿಯಿತು. ಒಳ್ಳೇ ಬೆಳೆ ಬಂದವರೂ ‘ನೋಡೋಣ ತಡೀರಿ’ ಅನ್ನಲು ಕಲಿತರು. ಅವರನ್ನು ನಾನು ಬಯ್ಯುವುದಿಲ್ಲ. ಆ ಪಾಠ ಕಲಿಸಿದ್ದು ಸರಕಾರ.

ಇಲ್ಲಿ ಯಾರಾದರೂ ನನ್ನನ್ನು ರೈತ ವಿರೋಧಿ ಅನ್ನುವ ಮೊದಲು ಆ ಹೆಣ್ಣುಮಗಳನ್ನು ನೆನೆಯಿರಿ. ಆಕೆ ರೈತಳಲ್ವಾ? ಎಮ್ಮೆ ಮಾರಿ ಸಾಲ ಕಟ್ಟಿದವಳಿಗೆ ಸೊನ್ನೆ, ಟ್ರ್ಯಾಕ್ಟರ್ ಇಟ್ಟುಕೊಂಡು ಕಟ್ಟದವರಿಗೆ ಮನ್ನಾ. ಇದು ಬಡವರ ಪರ ಹೇಗಾಗುತ್ತದೆ?

2008ರಲ್ಲಿ ಕೇಂದ್ರದಿಂದ ಇನ್ನೊಂದು ಮನ್ನಾ ಬಂತು. ಬಜೆಟ್ಟಿನಲ್ಲಿ ಹೇಳಿದ್ದು ಸುಮಾರು 60,000 ಕೋಟಿ ರೂಪಾಯಿ. ಆಮೇಲೆ ಅದು ಇನ್ನೂ ಹಿಗ್ಗಿತು. ಐದು ಎಕರೆವರೆಗಿನವರಿಗೆ ಬಾಕಿ ಪೂರ್ತಿ ಮಾಫಿ. 2013ರಲ್ಲಿ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂತು. ಅರ್ಹರು ಎಷ್ಟೋ ಜನ ಬಿಟ್ಟುಹೋಗಿದ್ದರು, ಅರ್ಹರಲ್ಲದವರಿಗೆ ಹಣ ಹೋಗಿತ್ತು. 2017ರಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರ. 2018ರಲ್ಲಿ ನಮ್ಮ ಕರ್ನಾಟಕ, ವರ್ಷದ ಕೊನೆಗೆ ಮಧ್ಯಪ್ರದೇಶ, ರಾಜಸ್ಥಾನ. ಬೇರೆ ಬೇರೆ ಪಕ್ಷ, ಬೇರೆ ಬೇರೆ ಬಾವುಟ. ಔಷಧ ಒಂದೇ. ಚುನಾವಣೆ ಬಂದಾಗ ಮಾತ್ರ ಸಿಗುವ ಔಷಧ.

ದೊಡ್ಡ ಕಂಪನಿಗಳ ಸಾಲದ ಮಾತೇನು ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ಅವರಿಗೂ ಇದೇ ನಿಯಮ. 2016ರಲ್ಲಿ ದಿವಾಳಿ ಸಂಹಿತೆ ತಂದದ್ದನ್ನು ನಾನು ಮೆಚ್ಚುತ್ತೇನೆ. ಸಾಲ ಕಟ್ಟದ ಮಾಲೀಕನ ಕೈಯಿಂದ ಕಂಪನಿ ತೆಗೆದು ಬೇರೆಯವರಿಗೆ ಕೊಡುವ ದಾರಿ ಅದರಲ್ಲಿದೆ. ಆ ದಾರಿ ತೀರಾ ನಿಧಾನ. ಅದು ಚುರುಕಾಗಬೇಕು. ಕೋಟಿಗಟ್ಟಲೆ ಮುಳುಗಿಸಿದವನು ಆರಾಮಾಗಿ ಓಡಾಡುತ್ತಿದ್ದರೆ ರೋಣದ ರೈತನಿಗೆ ‘ಕಟ್ಟಪ್ಪಾ’ ಅನ್ನುವ ಬಾಯಿ ಯಾವ ಸೆಕ್ರೆಟರಿಗೂ ಉಳಿಯುವುದಿಲ್ಲ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ.

ಸರಕಾರವೂ ಸಾಲಗಾರನೇ. 2025-26ರ ಕೇಂದ್ರ ಬಜೆಟ್ ನೋಡಿ. ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲದ್ದು. ಹೋಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬರೀ ಬಡ್ಡಿಗೆ. ಒಂದು ಮನೆಯಲ್ಲಿ ಹೀಗೆ ನಡೆದರೆ ಹಿರಿಯರು ಕೂಡಿಸಿ ಕೇಳುತ್ತಾರೆ. ದಿಲ್ಲಿಯನ್ನು ಕೇಳುವವರು ಯಾರು? ನಾವೇ ಕೇಳಬೇಕು. 2003ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು, ಹಣಕಾಸು ಹೊಣೆಗಾರಿಕೆಯ ಕಾಯ್ದೆ. ವಿತ್ತೀಯ ಕೊರತೆಯನ್ನು, ಅಂದರೆ ಆದಾಯ ಸಾಲದೆ ಸರಕಾರ ಸಾಲ ಮಾಡಿ ತುಂಬುವ ಖರ್ಚನ್ನು, ದೇಶದ ಉತ್ಪನ್ನದ ಶೇಕಡಾ 3ಕ್ಕೆ ಇಳಿಸುವುದು ಗುರಿ. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊರೋನಾ ವರ್ಷದಲ್ಲಿ ಶೇಕಡಾ 9 ದಾಟಿತು. 2025-26ರ ಬಜೆಟ್ಟಿನಲ್ಲಿ 4.4ಕ್ಕೆ ಇಳಿಸುತ್ತೇವೆ ಅಂದರು. ಇಳಿದದ್ದು ಒಳ್ಳೆಯದು, ಶಹಬ್ಬಾಸ್ ಅನ್ನುತ್ತೇನೆ. ಆದರೆ ಮೂರು ಅಂತ ಬರೆದುಕೊಟ್ಟದ್ದು ಸರಕಾರವೇ ಅಲ್ವಾ? ಸಾಲಗಾರ ಮಾತು ತಪ್ಪಿದರೆ ಸುಸ್ತಿದಾರ ಅನ್ನುತ್ತೇವೆ. ಸರಕಾರ ತಪ್ಪಿದರೆ ಸುಮ್ನೆ ಇರುತ್ತೇವೆ.

ಬೆಂಗಳೂರಿನದೂ ಹೇಳಬೇಕು. ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 51,000 ಕೋಟಿಯ ಆಸುಪಾಸು ಇಡುತ್ತಿದ್ದಾರೆ. ಬಡ ಮನೆಯ ತಾಯಿಯ ಕೈಗೆ 2,000 ರೂಪಾಯಿ ಹೋಗುವುದನ್ನು ನಾನು ಹೀಯಾಳಿಸುವುದಿಲ್ಲ. ಉಳ್ಳವರಿಗೂ ಉಚಿತ ಕೊಟ್ಟು, ಆಮೇಲೆ ಕಾಲುವೆಗೆ ಹಣ ಇಲ್ಲ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಕೇಂದ್ರದ ಪಿಎಂ ಕಿಸಾನ್ ವರ್ಷಕ್ಕೆ 6,000 ಕೊಡುತ್ತದೆ. ಅದೂ ಪುಕ್ಕಟೆ ಹಣವೇ. ಆದರೂ ಮನ್ನಾಕ್ಕಿಂತ ಅದು ಎಷ್ಟೋ ಪಾಲು ಮೇಲು. ಸಾಲ ಕಟ್ಟಿದವನು, ಕಟ್ಟದವನು ಅಂತ ಅಲ್ಲಿ ಭೇದ ಇಲ್ಲ. ಎಮ್ಮೆ ಮಾರಿದವಳ ಖಾತೆಗೂ ಬರುತ್ತದೆ. ಅದಕ್ಕಿಂತ ಒಳ್ಳೆಯದು ಬಡ್ಡಿ ರಿಯಾಯಿತಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಶೇಕಡಾ 7 ಬಡ್ಡಿ. ಸಮಯಕ್ಕೆ ಕಟ್ಟಿದರೆ 3 ಬಿಡುತ್ತಾರೆ, 4 ಮಾತ್ರ ಉಳಿಯುತ್ತದೆ. ನಮ್ಮ ರಾಜ್ಯದ ಸಹಕಾರ ಸಂಘಗಳಲ್ಲಿ ಸಮಯಕ್ಕೆ ಕಟ್ಟುವವರಿಗೆ ಬಡ್ಡಿಯೇ ಇಲ್ಲ. 2023ರಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ನೀತಿ ಅಂದರೆ ಇದು! ಕಟ್ಟಿದವನಿಗೆ ಬಹುಮಾನ. ಇಂಥದ್ದಕ್ಕೆ ಯಾವ ಪಕ್ಷ ಕೈ ಹಾಕಿದರೂ ನಾನು ಚಪ್ಪಾಳೆ ಹೊಡೆಯುತ್ತೇನೆ.

ಬರ ಬಂದರೆ? ಬರ ಬಂದಾಗ ರೈತನ ಕೈ ಹಿಡಿಯುವುದು ಸರಕಾರದ ಕೆಲಸವೇ. ಅದಕ್ಕೇ ಬೆಳೆ ವಿಮೆ ಇದೆ. ಮುಂಗಾರಿನ ಆಹಾರ ಬೆಳೆಗೆ ರೈತನ ಕಂತು ಶೇಕಡಾ 2, ಹಿಂಗಾರಿಗೆ ಒಂದೂವರೆ. ಕಂತು ಕಟ್ಟಿದವನಿಗೆ ಪರಿಹಾರ ಮುಂದಿನ ಬಿತ್ತನೆಯೊಳಗೆ ಬರಬೇಕು. 2023ರಲ್ಲಿ ಭಾರೀ ಬರ ಬಿತ್ತು. ಕೇಂದ್ರದ ಬರ ಪರಿಹಾರ, ಸುಮಾರು 3,400 ಕೋಟಿ, ಬಂದದ್ದು 2024ರ ಏಪ್ರಿಲ್ ಕೊನೆಗೆ. ಅದೂ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ಬಡಿದ ಮೇಲೆ. ನನ್ನಂಥವರು ದಿಲ್ಲಿಯನ್ನು ಸಮರ್ಥಿಸಿಕೊಳ್ಳುತ್ತಾರೆ ಅಂತ ಕೆಲವರು ತಿಳಿದಿರುತ್ತಾರೆ. ಈ ವಿಷಯದಲ್ಲಿ ಸಮರ್ಥನೆ ಇಲ್ಲ. ಕೊಡಬೇಕಾದದ್ದನ್ನು ಕೊಡಬೇಕಾದ ಹೊತ್ತಿಗೆ ಕೊಡಬೇಕು. ಮಹದಾಯಿ ನದಿಯ ನೀರಿನದೂ ಹಾಗೇ. ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು, ನಮ್ಮ ಪಾಲು 13 ಟಿಎಂಸಿ ಚಿಲ್ಲರೆ. 2022ರ ಕೊನೆಗೆ ಯೋಜನಾ ವರದಿಗೆ ಒಪ್ಪಿಗೆಯೂ ಸಿಕ್ಕಿತು. ನರಗುಂದ, ನವಲಗುಂದದವರು ಇನ್ನೂ ಕಾಯುತ್ತಿದ್ದಾರೆ. ಕಾಲುವೆ ತೋಡುವುದು ಸೊಸೈಟಿಯಿಂದ ಆಗುವ ಕೆಲಸವಲ್ಲ. ಅದಕ್ಕೇ ಸರಕಾರ ಇರುವುದು.

ಕೊನೆಗೆ ಸಹಕಾರದ್ದೇ ಒಂದು ವಿಷಯ. 2021ರಲ್ಲಿ ದಿಲ್ಲಿಯಲ್ಲಿ ಸಹಕಾರ ಸಚಿವಾಲಯ ಬಂತು. ಹಳ್ಳಿ ಸಂಘಗಳಿಗೆ ಕಂಪ್ಯೂಟರ್ ಹಾಕಿಸುವ ಯೋಜನೆ 2022ರಲ್ಲಿ ಬಂತು, 2,516 ಕೋಟಿಯದು. ಲೆಜರ್ ತಿದ್ದುವ ಆಟ ಅದರಿಂದ ಕಡಿಮೆಯಾಗುತ್ತದೆ, ಬಹಳ ಒಳ್ಳೆಯದು. ಆದರೆ ಸಹಕಾರ ನಮ್ಮ ಸಂವಿಧಾನದಲ್ಲಿ ರಾಜ್ಯದ ವಿಷಯ. ರಾಜ್ಯದ ಒಳಗೂ ಅದು ಊರಿನ ವಿಷಯ. ಕಂಪ್ಯೂಟರ್ ಕೊಡಿ, ತರಬೇತಿ ಕೊಡಿ, ಲೆಕ್ಕ ತಪಾಸಣೆ ಬಿಗಿ ಮಾಡಿ. ಸಾಲ ಯಾರಿಗೆ ಕೊಡಬೇಕು ಎಂಬುದನ್ನು ಊರಿಗೆ ಬಿಡಿ.

ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಸಂಘದ ಸರ್ವಸಾಧಾರಣ ಸಭೆ ಇರುತ್ತದೆ. ಸುಮ್ನೆ ಸಹಿ ಮಾಡಿ, ಉಪ್ಪಿಟ್ಟು ತಿಂದು ಬರಬೇಡಿ. ಸಮಯಕ್ಕೆ ಕಟ್ಟಿದವರ ಹೆಸರನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲು ಹೇಳಿ. ದೊಡ್ಡ ಬಾಕಿ ಯಾರದು, ಎಷ್ಟು ವರ್ಷದ್ದು ಅಂತಲೂ ಕೇಳಿ. ಓಟು ಕೇಳಲು ಬಂದವರು ಮನ್ನಾದ ಮಾತೆತ್ತಿದರೆ, ಕಟ್ಟಿದವರಿಗೆ ಏನು ಕೊಡುತ್ತೀರಿ ಅಂತ ಅಲ್ಲೇ ನಿಂತು ಕೇಳಿ. ಇನ್ನೊಂದು, ಬಡ್ಡಿ ಇಲ್ಲದ ಸಾಲ ಅಂದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ದಾಟಿತೋ, ಬಡ್ಡಿ ಬಿತ್ತು. ನಿಮ್ಮ ಗಡುವು ಯಾವ ದಿನಾಂಕ ಅಂತ ನಾಳೆಯೇ ಸೊಸೈಟಿಗೆ ಹೋಗಿ ಬರೆಸಿಕೊಂಡು ಬನ್ನಿ.

ನಮಸ್ಕಾರ.